ಬೆಂಕಿ ಕಲಿಸಿದ ಪಾಠ: ಹುಲ್ಲುಗಾವಲನ್ನು ಮರಳಿ ಕಟ್ಟಿದ ಕಥೆ

ಮನೆಯ ಗೋಡೆ ಬಿರುಕು ಬಿಟ್ಟರೆ ಗಾರೆ ಕೆಲಸದವರನ್ನು ಕರೆಯುತ್ತೇವೆ. ಕೈಗಡಿಯಾರ ನಿಂತುಹೋದರೆ ಅದನ್ನು ಬಿಚ್ಚಿ ಜೋಡಿಸಬಲ್ಲವರ ಬಳಿಗೆ ಒಯ್ಯುತ್ತೇವೆ. ಕೈ ಮುರಿದರೆ ವೈದ್ಯರಿದ್ದಾರೆ. ಆದರೆ ಒಂದು ಕಾಡು ಕೆಟ್ಟರೆ, ಒಂದು ಹುಲ್ಲುಗಾವಲು ಇಲ್ಲವಾದರೆ, ಯಾರನ್ನು ಕರೆಯಬೇಕು? ಅದನ್ನು ಮತ್ತೆ ಮೊದಲಿನಂತೆ ಮಾಡುವ ವಿದ್ಯೆ ಯಾರಲ್ಲಿದೆ? ಅದು ಯಾವ ಪುಸ್ತಕದಲ್ಲಿದೆ?

"ಸಸಿ ನೆಟ್ಟರಾಯಿತು" ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. 1950ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ನಮ್ಮ ಶಾಲೆಗಳಲ್ಲಿ ಪ್ರತಿ ಮಳೆಗಾಲವೂ ಸಸಿ ನೆಡುತ್ತ ಬಂದಿದ್ದೇವೆ. ಅದು ಒಳ್ಳೆಯ ಕೆಲಸವೇ. ಆದರೆ ಎಲ್ಲೆಡೆ ಮರ ನೆಡುವುದೇ ಪರಿಸರವನ್ನು ಸರಿಪಡಿಸುವ ದಾರಿಯಲ್ಲ. ರಾಣೆಬೆನ್ನೂರಿನ ಕೃಷ್ಣಮೃಗಗಳ ಬಯಲಿನಲ್ಲಿ ನೀಲಗಿರಿ ತೋಪುಗಳನ್ನು ಬೆಳೆಸಲಾಯಿತು. ಕೃಷ್ಣಮೃಗಕ್ಕೆ ಬೇಕಾದದ್ದು ದೂರದವರೆಗೆ ಕಣ್ಣು ಹಾಯುವ, ಓಡಲು ಎಡೆಯಿರುವ ಹುಲ್ಲು ಬಯಲು. ಮರ ಹೆಚ್ಚಿದಷ್ಟೂ ಅದರ ಮನೆ ಚಿಕ್ಕದಾಗುತ್ತದೆ. ಒಂದು ಪರಿಸರ ವ್ಯವಸ್ಥೆಯನ್ನು ಸರಿಪಡಿಸಬೇಕಾದರೆ ಅದು ಹೇಗೆ ಬದುಕಿತ್ತು ಎಂಬುದು ಮೊದಲು ಗೊತ್ತಿರಬೇಕು. ಆ ತಿಳಿವಳಿಕೆ ಮನುಷ್ಯನಿಗೆ ಸುಲಭವಾಗಿ ಬಂದದ್ದಲ್ಲ.

ಈ ವಿದ್ಯೆಯನ್ನು ಕಲಿಯಲು ನಡೆದ ಮೊದಮೊದಲ ದೊಡ್ಡ ಪ್ರಯತ್ನಗಳಲ್ಲಿ ಒಂದು ಅಮೆರಿಕ ಸಂಯುಕ್ತ ಸಂಸ್ಥಾನದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮ್ಯಾಡಿಸನ್ ನಗರದ ಅಂಚಿನ ಸುಮಾರು 60 ಎಕರೆ ಹಳೆಯ ಹೊಲದಲ್ಲಿ ನಡೆಯಿತು. ಅಲ್ಲಿ ಕಲಿತ ಪಾಠ ನಮ್ಮ ಬಿಳಿಗಿರಿರಂಗನ ಬೆಟ್ಟದ ಕಾಡಿಗೂ ಸಂಬಂಧಿಸಿದ್ದು. ಮೊದಲು ವಿಸ್ಕಾನ್ಸಿನ್‌ಗೆ ಹೋಗಿ ಬರೋಣ.

ಇಲ್ಲವಾದ ಹುಲ್ಲಿನ ಕಡಲು

ಉತ್ತರ ಅಮೆರಿಕದ ನಡುಭಾಗದಲ್ಲಿ ಒಂದು ಕಾಲಕ್ಕೆ ಹುಲ್ಲಿನ ಕಡಲೇ ಇತ್ತು. ಅದಕ್ಕೆ ಪ್ರೇರಿ ಎಂದು ಹೆಸರು. ಬೇಸಗೆಯ ಕೊನೆಯ ಹೊತ್ತಿಗೆ ಹುಲ್ಲು ಆಳೆತ್ತರವನ್ನು ಮೀರಿ ಬೆಳೆಯುತ್ತಿತ್ತು. ಅದರ ನಡುವೆ ಸೂರ್ಯಕಾಂತಿಯ ಜಾತಿಯ ಹೂಗಳು, ದ್ವಿದಳ ಧಾನ್ಯದ ಕುಲದ ಗಿಡಗಳು, ನೂರಾರು ಬಗೆಯ ಸಸ್ಯಗಳು ಇದ್ದವು. ಕಣ್ಣಿಗೆ ಕಾಣುವ ಹುಲ್ಲಿಗಿಂತ ಕಾಣದ ಬೇರೇ ಹೆಚ್ಚು. ಕೆಲವು ಗಿಡಗಳ ಬೇರು ಎರಡು ಮೂರು ಮೀಟರ್ ಆಳಕ್ಕೆ ಇಳಿಯುತ್ತಿತ್ತು. ವರ್ಷ ವರ್ಷವೂ ಬೇರು ಸತ್ತು, ಕೊಳೆತು, ಮತ್ತೆ ಬೆಳೆದು ಅಲ್ಲಿನ ಮಣ್ಣು ಕಪ್ಪಾಗಿ ಫಲವತ್ತಾಗಿತ್ತು.

ಈ ಫಲವತ್ತತೆಯೇ ಪ್ರೇರಿಗೆ ಮುಳುವಾಯಿತು. ಯೂರೋಪಿನಿಂದ ಬಂದ ವಲಸೆಗಾರರ ಮರದ ಮತ್ತು ಎರಕದ ಕಬ್ಬಿಣದ ನೇಗಿಲುಗಳಿಗೆ ಮೊದಮೊದಲು ಈ ಬೇರಿನ ಹೆಣಿಗೆ ಬಗ್ಗಲಿಲ್ಲ. ಅಂಟು ಮಣ್ಣು ನೇಗಿಲಿಗೆ ಮೆತ್ತಿಕೊಳ್ಳುತ್ತಿತ್ತು. 1837ರಲ್ಲಿ ಇಲಿನಾಯ್ ರಾಜ್ಯದ ಜಾನ್ ಡೀರ್ ಎಂಬ ಕಮ್ಮಾರ ನುಣುಪಾದ ಉಕ್ಕಿನ ನೇಗಿಲನ್ನು ಮಾಡಿದ. ಅಲ್ಲಿಂದ ಮುಂದೆ ಒಂದೆರಡು ತಲೆಮಾರಿನೊಳಗೆ ಹುಲ್ಲಿನ ಕಡಲು ಜೋಳ ಮತ್ತು ಗೋಧಿಯ ಹೊಲವಾಯಿತು. ವಿಸ್ಕಾನ್ಸಿನ್ ಒಂದರಲ್ಲೇ ಸುಮಾರು 20 ಲಕ್ಷ ಎಕರೆ ಪ್ರೇರಿ ಇತ್ತೆಂದು ಅಂದಾಜು. ಅದರಲ್ಲಿ ನೂರಕ್ಕೆ ಒಂದು ಪಾಲೂ ಉಳಿಯಲಿಲ್ಲ. ನೇಗಿಲು ತಲುಪದ ಜಾಗಗಳಲ್ಲಿ ಮಾತ್ರ, ಅಂದರೆ ರೈಲು ಹಳಿಯ ಪಕ್ಕದ ಪಟ್ಟಿಗಳಲ್ಲಿ, ಹಳೆಯ ಸ್ಮಶಾನಗಳ ಮೂಲೆಗಳಲ್ಲಿ, ಕಲ್ಲು ಮರಳಿನ ದಿಬ್ಬಗಳಲ್ಲಿ ಅದರ ಚೂರುಗಳು ಉಳಿದವು.

ಹೊಲವಾದ ಮಾತ್ರಕ್ಕೆ ನಷ್ಟವೇನು ಎಂದು ಕೇಳಬಹುದು. ಉತ್ತರ 1930ರ ದಶಕದಲ್ಲಿ ಬಂತು. ಇನ್ನೂ ಪಶ್ಚಿಮಕ್ಕಿರುವ ಒಣ ಬಯಲುಗಳಲ್ಲಿ ಉತ್ತು ಬಿಟ್ಟ ನೆಲದ ಮೇಲೆ ಬರ ಬಿತ್ತು. ಮಣ್ಣನ್ನು ಹಿಡಿದಿಡುವ ಬೇರು ಇರಲಿಲ್ಲ. ಗಾಳಿ ಎದ್ದಾಗ ಹೊಲಗಳೇ ಆಕಾಶಕ್ಕೇರಿದವು. 1935ರ ಏಪ್ರಿಲ್ 14ರ ಭಾನುವಾರ ಎದ್ದ ಧೂಳಿನ ಬಿರುಗಾಳಿಗೆ ಹಗಲೇ ಕತ್ತಲಾಯಿತು. ಅಮೆರಿಕದ ಜನ ಆ ದಿನವನ್ನು ಕಪ್ಪು ಭಾನುವಾರ ಎಂದೇ ನೆನೆಯುತ್ತಾರೆ. ಲಕ್ಷಾಂತರ ಜನ ಊರು ಬಿಟ್ಟರು. ಹುಲ್ಲು ಏನು ಕೆಲಸ ಮಾಡುತ್ತಿತ್ತು ಎಂಬುದು ಹುಲ್ಲು ಹೋದ ಮೇಲೆ ತಿಳಿಯಿತು.

1934ರ ಒಂದು ವಿಚಿತ್ರ ಸಂಕಲ್ಪ

ಮ್ಯಾಡಿಸನ್ನಿನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಆಗ ನಗರದ ಅಂಚಿನಲ್ಲಿ ಸವೆದುಹೋದ ಕೆಲವು ಹೊಲಗಳನ್ನು ಕೊಂಡು ಒಂದು ಸಸ್ಯೋದ್ಯಾನ ಮಾಡಲು ಹೊರಟಿತ್ತು. ಸಾಮಾನ್ಯವಾಗಿ ಸಸ್ಯೋದ್ಯಾನವೆಂದರೆ ನಮ್ಮ ಲಾಲ್‌ಬಾಗಿನಂತೆ ದೇಶವಿದೇಶಗಳ ಗಿಡಮರಗಳನ್ನು ತಂದು ಅಂದವಾಗಿ ಬೆಳೆಸುವ ತೋಟ. 1934ರ ಜೂನ್ 17ರಂದು ನಡೆದ ಆರಂಭ ಸಮಾರಂಭದಲ್ಲಿ ಆಲ್ಡೊ ಲಿಯೊಪೋಲ್ಡ್ ಎಂಬ ಪ್ರಾಧ್ಯಾಪಕರು ಬೇರೆಯೇ ಮಾತನ್ನಾಡಿದರು. ವಲಸೆಗಾರರು ಬಂದಿಳಿದಾಗ ಈ ನೆಲ ಹೇಗಿತ್ತೋ ಅದರ ಒಂದು ಮಾದರಿಯನ್ನು ಇಲ್ಲಿ ಮರಳಿ ಕಟ್ಟಬೇಕು, ಅದನ್ನು ಅಳತೆಗೋಲಾಗಿ ಇಟ್ಟುಕೊಂಡು ನಾವು ನೆಲಕ್ಕೆ ಏನು ಮಾಡಿದ್ದೇವೆಂದು ತಿಳಿಯಬೇಕು ಎಂಬುದು ಅವರ ಮಾತಿನ ಸಾರ.

ಲಿಯೊಪೋಲ್ಡ್ ಅರಣ್ಯಶಾಸ್ತ್ರ ಓದಿದವರು, ಅಮೆರಿಕದ ಅರಣ್ಯ ಇಲಾಖೆಯಲ್ಲಿ ಹಲವು ವರ್ಷ ದುಡಿದವರು. 1933ರಲ್ಲಿ ಇದೇ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ನಿರ್ವಹಣೆಯ ಪ್ರಾಧ್ಯಾಪಕರಾಗಿದ್ದರು. ಅವರು ಬರಿಯ ಭಾಷಣಕಾರರಾಗಿರಲಿಲ್ಲ. 1935ರಲ್ಲಿ ವಿಸ್ಕಾನ್ಸಿನ್ ನದಿಯ ಬಳಿ ಬರಡಾದ ಒಂದು ಹೊಲವನ್ನು ಕೊಂಡು, ಹೆಂಡತಿ ಮಕ್ಕಳೊಡನೆ ತಾವೇ ಸಸಿ ನೆಡತೊಡಗಿದರು. ಮೊದಲ ಸಲ ನೆಟ್ಟವುಗಳಲ್ಲಿ ಬಹುಪಾಲು ಬರಕ್ಕೆ ಒಣಗಿಹೋದವು. ಮರುವರ್ಷ ಮತ್ತೆ ನೆಟ್ಟರು.

ಸಸ್ಯೋದ್ಯಾನದಲ್ಲಿ ಪ್ರೇರಿಯನ್ನು ಬೆಳೆಸುವ ಯೋಚನೆಗೆ ಬೆಂಬಲವಾಗಿ ನಿಂತವರು ಸಸ್ಯಶಾಸ್ತ್ರಜ್ಞ ನಾರ್ಮನ್ ಫ್ಯಾಸೆಟ್. ಆದರೆ ಪ್ರೇರಿಯನ್ನು ಬೆಳೆಸುವುದು ಹೇಗೆ? ಗೋಧಿ ಬೆಳೆಯಲು ಸಾವಿರಾರು ವರ್ಷಗಳ ಅನುಭವ ಇತ್ತು. ಕಾಡುಹುಲ್ಲನ್ನು, ಅದರ ನಡುವಿನ ನೂರಾರು ಹೂಗಿಡಗಳನ್ನು ಬೇಕೆಂದು ಬೆಳೆಸಿದವರು ಅಲ್ಲಿ ಯಾರೂ ಇರಲಿಲ್ಲ. ಬೀಜದಂಗಡಿಗಳಲ್ಲಿ ಆ ಬೀಜ ಸಿಗುತ್ತಿರಲಿಲ್ಲ.

ಗುದ್ದಲಿ ಹಿಡಿದ ಯುವಕರು

ಅದೇ ಕಾಲಕ್ಕೆ ಅಮೆರಿಕ ಮಹಾ ಆರ್ಥಿಕ ಕುಸಿತದಲ್ಲಿ ಸಿಕ್ಕಿತ್ತು. ಕೆಲಸವಿಲ್ಲದ ಯುವಕರಿಗಾಗಿ ಅಧ್ಯಕ್ಷ ರೂಸ್‌ವೆಲ್ಟ್ ಅವರ ಸರಕಾರ 1933ರಲ್ಲಿ 'ನಾಗರಿಕ ಸಂರಕ್ಷಣಾ ದಳ' ಎಂಬ ಯೋಜನೆಯನ್ನು ತಂದಿತು. ಸೇರಿದವರಿಗೆ ಊಟ, ವಸತಿ, ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ 25 ಡಾಲರ್ ಮನೆಗೆ ಹೋಗಬೇಕು. 1942ರಲ್ಲಿ ದಳ ಮುಚ್ಚುವ ಹೊತ್ತಿಗೆ ಸುಮಾರು 30 ಲಕ್ಷ ಯುವಕರು ಅದರಲ್ಲಿ ದುಡಿದಿದ್ದರು. ಮಣ್ಣಿನ ಒಡ್ಡು ಹಾಕಿದರು, ಮರ ನೆಟ್ಟರು, ಕಾಡಿನ ದಾರಿಗಳನ್ನು ಮಾಡಿದರು. ಈ ದಳದ ಒಂದು ಶಿಬಿರ 1935ರಿಂದ 1941ರವರೆಗೆ ಮ್ಯಾಡಿಸನ್ನಿನ ಸಸ್ಯೋದ್ಯಾನದಲ್ಲಿ ಇತ್ತು.

ಕೈಗಳು ಸಿಕ್ಕವು. ಕೆಲಸ ಹೇಳಿಕೊಡುವವರು ಬೇಕಾಗಿತ್ತು. 1936ರಲ್ಲಿ ಥಿಯೊಡೋರ್ ಸ್ಪೆರಿ ಎಂಬ ಯುವ ವಿಜ್ಞಾನಿ ಬಂದರು. ಪ್ರೇರಿ ಗಿಡಗಳ ಬೇರುಗಳನ್ನು ಅಗೆದು ಅಳೆದು ಅಭ್ಯಾಸ ಮಾಡಿದವರು ಅವರು. ಶಿಬಿರದ ಯುವಕರನ್ನು ಕರೆದುಕೊಂಡು ಪ್ರೇರಿ ಉಳಿದಿದ್ದ ಚೂರುಪಾರು ಜಾಗಗಳಿಗೆ ಹೋಗಿ, ಬೇರು ಮಣ್ಣು ಸಹಿತ ಹುಲ್ಲಿನ ಹೆಂಟೆಗಳನ್ನು ಅಗೆದು ಲಾರಿಯಲ್ಲಿ ತುಂಬಿ ತಂದರು. ಬೀಜ ಆರಿಸಿ ತಂದರು. ಒಂದೊಂದು ಜಾತಿಯ ಗಿಡವನ್ನು ಒಂದೊಂದು ಮಡಿಯಲ್ಲಿ ನೆಟ್ಟು, ಯಾವುದು ಬದುಕುತ್ತದೆ ಯಾವುದು ಸಾಯುತ್ತದೆ ಎಂದು ಬರೆದಿಟ್ಟರು. 1936ರ ಬೇಸಗೆ ಅಮೆರಿಕದ ಅತ್ಯಂತ ಬಿಸಿಯ ಬೇಸಗೆಗಳಲ್ಲಿ ಒಂದು. ಆ ಉರಿಯಲ್ಲಿ ನೀರು ಹೊತ್ತು ಹಾಕಿದವರು ಈ ಯುವಕರು. ಅವರಲ್ಲಿ ಹೆಚ್ಚಿನವರಿಗೆ ಪ್ರೇರಿ ಎಂದರೇನೆಂದು ಮೊದಲು ತಿಳಿದಿರಲಾರದು. ಆದರೆ ಈ ಕೆಲಸದ ಮೊದಲ ಪಾಠಶಾಲೆ ಅವರ ಗುದ್ದಲಿಯ ಹಿಂದೆಯೇ ಹುಟ್ಟಿತು.

ನೆಟ್ಟದ್ದೇನೋ ಆಯಿತು. ಆದರೆ ಕೆಲವು ವರ್ಷಗಳಲ್ಲಿ ಒಂದು ತೊಂದರೆ ಎದ್ದು ಕಂಡಿತು. ಆ ಹೊಲದಲ್ಲಿ ಹಿಂದಿನಿಂದ ಕೆಂಟಕಿ ಬ್ಲೂಗ್ರಾಸ್ ಎಂಬ ಮೇವಿನ ಹುಲ್ಲು ತುಂಬಿಕೊಂಡಿತ್ತು. ಹೆಸರು ಕೆಂಟಕಿಯದಾದರೂ ಅದು ಯೂರೋಪಿನಿಂದ ಬಂದ ಹುಲ್ಲು. ಕಿತ್ತಷ್ಟೂ ಅದು ಚಿಗುರುತ್ತಿತ್ತು. ನೆಟ್ಟ ಪ್ರೇರಿ ಗಿಡಗಳು ಅದರ ದಟ್ಟ ಚಾಪೆಯ ನಡುವೆ ಉಸಿರು ಹಿಡಿದುಕೊಂಡಂತೆ ಇದ್ದವೇ ಹೊರತು ಹರಡಲಿಲ್ಲ. ಎಲ್ಲ ಗಿಡಗಳನ್ನು ತಂದು ನೆಟ್ಟರೂ ಪ್ರೇರಿ ಪ್ರೇರಿಯಾಗಲಿಲ್ಲ. ಏನೋ ಒಂದು ಕಡಿಮೆಯಾಗಿತ್ತು.

ಬೆಂಕಿಯ ಪ್ರಯೋಗ

ಕಡಿಮೆಯಾಗಿದ್ದದ್ದು ಬೆಂಕಿ.

ಹುಲ್ಲುಗಾವಲಿಗೆ ಆಗಾಗ ಬೆಂಕಿ ಬೀಳುತ್ತಿತ್ತೆಂದು ಹಳೆಯ ಪ್ರವಾಸಿಗಳ ಬರಹಗಳಲ್ಲಿ ಇತ್ತು. ಆದರೆ ಅದು ಪ್ರೇರಿಗೆ ಬೇಕಾದದ್ದೇ ಅಥವಾ ಅದರ ಮೇಲೆ ಬಂದ ವಿಪತ್ತೇ ಎಂಬುದನ್ನು ಯಾರೂ ಪರೀಕ್ಷಿಸಿ ತೋರಿಸಿರಲಿಲ್ಲ. ಆ ಕಾಲದ ಅರಣ್ಯ ಇಲಾಖೆಗಳಿಗೆ ಬೆಂಕಿಯೆಂದರೆ ಶತ್ರು. 1944ರಲ್ಲಿ ಟೋಪಿ ಧರಿಸಿದ ಕರಡಿಯೊಂದರ ಚಿತ್ರ ಹಾಕಿ, ಕಾಡಿಗೆ ಬೆಂಕಿ ಬೀಳದಂತೆ ನೋಡಿಕೊಳ್ಳಿ ಎಂಬ ಪ್ರಚಾರ ದೇಶದಾದ್ಯಂತ ಆರಂಭವಾಯಿತು. ಅಂಥ ಕಾಲದಲ್ಲಿ, ಕಷ್ಟಪಟ್ಟು ನೆಟ್ಟ ಗಿಡಗಳಿಗೆ ಬೆಂಕಿ ಇಡುತ್ತೇವೆಂದು ಹೇಳಲು ಎದೆಗಾರಿಕೆ ಬೇಕಿತ್ತು.

ಸಸ್ಯಶಾಸ್ತ್ರಜ್ಞ ಜಾನ್ ಕರ್ಟಿಸ್ ಮತ್ತು ಅವರ ವಿದ್ಯಾರ್ಥಿ ಮ್ಯಾಕ್ಸ್ ಪಾರ್ಚ್ 1940ರ ದಶಕದಲ್ಲಿ ಈ ಪ್ರಯೋಗವನ್ನು ಕೈಗೊಂಡರು. ವಿಧಾನ ಸರಳ, ನೀವೂ ಅದನ್ನು ಸುಲಭವಾಗಿ ಅರ್ಥ ಮಾಡಿಕೊಳ್ಳಬಹುದು. ನೆಲವನ್ನು ಸಣ್ಣ ಸಣ್ಣ ಮಡಿಗಳಾಗಿ ಗುರುತಿಸಿದರು. ಕೆಲವನ್ನು ಬೇರೆ ಬೇರೆ ಕಾಲದಲ್ಲಿ ಸುಟ್ಟರು. ಕೆಲವನ್ನು ಸುಡದೆ ಹಾಗೆಯೇ ಬಿಟ್ಟರು. ಆಮೇಲೆ ಪ್ರತಿಯೊಂದರಲ್ಲೂ ಯಾವ ಗಿಡ ಎಷ್ಟಿದೆಯೆಂದು ಎಣಿಸಿದರು. 1948ರಲ್ಲಿ ಫಲಿತಾಂಶ ಪ್ರಕಟವಾಯಿತು. ಸುಟ್ಟ ಮಡಿಗಳಲ್ಲಿ ಯೂರೋಪಿನ ಹುಲ್ಲು ಹಿಂಜರಿದಿತ್ತು. ಪ್ರೇರಿಯ ಗಿಡಗಳು ಮುಂದೆ ಬಂದಿದ್ದವು.

ಇದಕ್ಕೆ ಕಾರಣವೇನು? ಯೂರೋಪಿನ ಹುಲ್ಲು ಚಳಿ ಇನ್ನೂ ಪೂರ್ತಿ ಹೋಗುವ ಮೊದಲೇ ಹಸಿರಾಗುತ್ತದೆ. ವಸಂತದಲ್ಲಿ ಬೆಂಕಿ ಬಂದರೆ ಅದರ ಎಳೆಯ ಚಿಗುರು ಸುಟ್ಟುಹೋಗುತ್ತದೆ. ಪ್ರೇರಿಯ ಹುಲ್ಲುಗಳು ನೆಲ ಕಾದ ಮೇಲೆ ಏಳುವಂಥವು. ಬೆಂಕಿಯ ಹೊತ್ತಿಗೆ ಅವುಗಳ ಮೊಗ್ಗು ಮಣ್ಣಿನೊಳಗೆ ಸುರಕ್ಷಿತವಾಗಿ ನಿದ್ದೆಯಲ್ಲಿರುತ್ತದೆ. ಅಲ್ಲದೆ ಹಿಂದಿನ ವರ್ಷದ ಒಣ ಹುಲ್ಲಿನ ಹೊದಿಕೆ ಸುಟ್ಟುಹೋದಾಗ ಬಿಸಿಲು ನೆಲಕ್ಕೆ ಬಿದ್ದು ಮಣ್ಣು ಬೇಗ ಬಿಸಿಯಾಗುತ್ತದೆ. ಬಿಗ್ ಬ್ಲೂಸ್ಟೆಮ್ ಎಂಬ ಮುಖ್ಯ ಪ್ರೇರಿ ಹುಲ್ಲು ಹೆಚ್ಚು ಹೂ ಬಿಡಲು ಇದೇ ಕಾರಣವೆಂದು ಅವರಿಬ್ಬರು ಮುಂದೆ ತೋರಿಸಿದರು. ಬೆಂಕಿ ಇಡದೆ ಕೈಯಿಂದ ಒಣ ಹೊದಿಕೆಯನ್ನು ತೆಗೆದರೂ ಅಂಥದೇ ಫಲ ಸಿಕ್ಕಿತು. ಹೀಗೆ "ಬೆಂಕಿ ಒಳ್ಳೆಯದು" ಎಂಬ ಬರಿಯ ಮಾತು "ಬೆಂಕಿ ಈ ಕೆಲಸವನ್ನು ಹೀಗೆ ಮಾಡುತ್ತದೆ" ಎಂಬ ತಿಳಿವಳಿಕೆಯಾಯಿತು.

ಅದೇ 1948ರ ಏಪ್ರಿಲ್ 21ರಂದು ಲಿಯೊಪೋಲ್ಡ್ ತೀರಿಕೊಂಡರು. ನೆರೆಯ ರೈತನ ಹೊಲದಿಂದ ಹುಲ್ಲಿಗೆ ಹತ್ತಿದ ಬೆಂಕಿ ಹರಡುತ್ತಿದ್ದುದನ್ನು ಕಂಡು ಆರಿಸಲು ಹೋದವರು ಅಲ್ಲಿಯೇ ಹೃದಯಾಘಾತದಿಂದ ಕುಸಿದರು. ಒಂದೇ ವರ್ಷದಲ್ಲಿ ನಡೆದ ಈ ಎರಡು ಸಂಗತಿಗಳನ್ನು ಒಟ್ಟಿಗೆ ನೆನಪಿಡುವುದು ಒಳ್ಳೆಯದು. ಬೆಂಕಿ ಉಪಕಾರಿಯೂ ಹೌದು, ಅಪಾಯಕಾರಿಯೂ ಹೌದು. ಗಾಳಿ ಯಾವ ಕಡೆಗಿದೆ, ಹುಲ್ಲು ಎಷ್ಟು ಒಣಗಿದೆ, ಬೆಂಕಿತಡೆ ಎಷ್ಟು ಅಗಲ ಬೇಕು, ಎಷ್ಟು ಜನ ನಿಲ್ಲಬೇಕು ಎಂಬುದನ್ನೆಲ್ಲ ಬಲ್ಲವರ ಕೈಯಲ್ಲಿ ಮಾತ್ರ ಅದು ಉಪಕರಣ.

1950ರ ದಶಕದಿಂದ ಆ ಹುಲ್ಲುಗಾವಲನ್ನು ಕ್ರಮವಾಗಿ ಸುಡುವ ಪದ್ಧತಿ ಬಂತು. ಇದರೊಡನೆ ಇತರ ಕೌಶಲಗಳೂ ಬೆಳೆದವು. ಹೆನ್ರಿ ಗ್ರೀನ್ ಎಂಬ ಸಸ್ಯಶಾಸ್ತ್ರಜ್ಞರು ಸಸ್ಯೋದ್ಯಾನದ ಇನ್ನೊಂದು ಭಾಗದಲ್ಲಿ, ಬಹುಮಟ್ಟಿಗೆ ಒಬ್ಬರೇ, ಎರಡನೆಯ ಪ್ರೇರಿಯನ್ನು ನೆಟ್ಟರು. ಯಾವ ಗಿಡಕ್ಕೆ ಒಣ ಮರಳು ಬೇಕು, ಯಾವುದಕ್ಕೆ ತೇವದ ತಗ್ಗು ಬೇಕು ಎಂದು ನೋಡಿ ನೋಡಿ ಒಂದೊಂದಕ್ಕೂ ಜಾಗ ಗೊತ್ತುಮಾಡಿದರು. ಅವರು ಮತ್ತು ಕರ್ಟಿಸ್ ಸೇರಿ ಬೀಜಗಳ ಗುಟ್ಟನ್ನೂ ಬಿಡಿಸಿದರು. ಪ್ರೇರಿಯ ಎಷ್ಟೋ ಬೀಜಗಳು ಆರಿಸಿ ತಂದ ಕೂಡಲೇ ಬಿತ್ತಿದರೆ ಮೊಳೆಯುವುದಿಲ್ಲ. ತೇವದ ಚಳಿಯಲ್ಲಿ ಕೆಲವು ವಾರ ಇಟ್ಟರೆ, ಅಂದರೆ ಬೀಜಕ್ಕೆ ಒಂದು ಚಳಿಗಾಲ ಕಳೆಯಿತೆಂಬ ಅನುಭವ ಕೊಟ್ಟರೆ, ಮೊಳೆಯುತ್ತವೆ. ಕರ್ಟಿಸ್ ಮತ್ತು ಅವರ ಶಿಷ್ಯರು ರಾಜ್ಯದ ಸಾವಿರಕ್ಕೂ ಹೆಚ್ಚು ತಾಣಗಳಲ್ಲಿ ಸಸ್ಯಗಳನ್ನು ಎಣಿಸಿ, 1959ರಲ್ಲಿ ವಿಸ್ಕಾನ್ಸಿನ್ನಿನ ಸಸ್ಯವರ್ಗದ ಬಗ್ಗೆ ಒಂದು ದೊಡ್ಡ ಗ್ರಂಥ ಹೊರತಂದರು. ಎರಡು ವರ್ಷದ ನಂತರ ಅವರು ತೀರಿಕೊಂಡಾಗ ಆ 60 ಎಕರೆಗೆ ಕರ್ಟಿಸ್ ಪ್ರೇರಿ ಎಂದು ಹೆಸರಾಯಿತು.

ಅಲ್ಲಿಂದ ವಿದ್ಯೆ ಹರಡಿತು. ಇಲಿನಾಯ್ ರಾಜ್ಯದ ಫರ್ಮಿಲ್ಯಾಬ್ ಎಂಬ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ, ಕಣವೇಗವರ್ಧಕದ ಬೃಹತ್ ಉಂಗುರದ ನಡುವಿನ ಬಯಲಿನಲ್ಲಿ 1975ರಿಂದ ಪ್ರೇರಿ ಬೆಳೆಸತೊಡಗಿದರು. ಅದರ ಹಿಂದಿದ್ದ ರಾಬರ್ಟ್ ಬೆಟ್ಜ್ ಎಂಬ ಪ್ರಾಧ್ಯಾಪಕರು ಹಳೆಯ ಸ್ಮಶಾನಗಳಲ್ಲಿ ಉಳಿದ ಪ್ರೇರಿ ಚೂರುಗಳನ್ನು ಹುಡುಕಿ ಅಭ್ಯಾಸ ಮಾಡಿದವರು. 1981ರಲ್ಲಿ ಮ್ಯಾಡಿಸನ್ನಿನ ಸಸ್ಯೋದ್ಯಾನದಿಂದಲೇ ವಿಲಿಯಂ ಜೋರ್ಡನ್ ಎಂಬುವರು ಈ ವಿಷಯಕ್ಕೇ ಮೀಸಲಾದ ಒಂದು ಪತ್ರಿಕೆ ಆರಂಭಿಸಿದರು. 1988ರಲ್ಲಿ ಪರಿಸರ ಪುನಶ್ಚೇತನದಲ್ಲಿ ತೊಡಗಿದವರ ಒಂದು ಅಂತರರಾಷ್ಟ್ರೀಯ ಸಂಘ ಹುಟ್ಟಿತು. ಹೊಲವೊಂದರಲ್ಲಿ ಗುದ್ದಲಿಯಿಂದ ಶುರುವಾದದ್ದು ಅರ್ಧ ಶತಮಾನದಲ್ಲಿ ಒಂದು ಶಾಸ್ತ್ರವಾಯಿತು.

ಮೊದಲೇ ಬಲ್ಲವರು

ಇಲ್ಲಿಗೆ ಕಥೆ ಮುಗಿಯಿತೆಂದರೆ ಅದು ಅರ್ಧ ಕಥೆಯಾಗುತ್ತದೆ. ಪ್ರೇರಿಗೆ ಬೆಂಕಿ ಬೇಕೆಂಬುದು ವಿಜ್ಞಾನಿಗಳಿಗೆ ತಿಳಿದದ್ದು 1940ರ ದಶಕದಲ್ಲಿ. ಆದರೆ ಅದಕ್ಕೂ ಮೊದಲು ಅಲ್ಲಿ ಬೆಂಕಿ ಇಡುತ್ತಿದ್ದವರು ಯಾರು?

ಸಿಡಿಲಿನಿಂದ ಹತ್ತುವ ಬೆಂಕಿ ಸ್ವಲ್ಪ. ಹೆಚ್ಚಿನ ಬೆಂಕಿ ಅಲ್ಲಿನ ಮೂಲನಿವಾಸಿಗಳು ಬೇಕೆಂದೇ ಇಟ್ಟದ್ದು. ಮ್ಯಾಡಿಸನ್ ಇರುವ ನೆಲ ಹೋ-ಚಂಕ್ ಜನರ ನಾಡು. ಅಲ್ಲಿನ ಸರೋವರಗಳ ಸೀಮೆಗೆ ಅವರ ನುಡಿಯಲ್ಲಿ 'ನಾಲ್ಕು ಸರೋವರ' ಎಂಬ ಅರ್ಥದ ಹೆಸರಿದೆ. ಬೇಟೆಯ ಪ್ರಾಣಿಗಳಿಗೆ ಹೊಸ ಹುಲ್ಲು ಚಿಗುರಲೆಂದು, ದಾರಿ ತೆರೆಯಲೆಂದು, ಪೊದೆ ಬೆಳೆದು ಬಯಲು ಮುಚ್ಚಿಹೋಗದಿರಲೆಂದು ಆ ಭಾಗದ ಮೂಲನಿವಾಸಿಗಳು ಹುಲ್ಲಿಗೆ ಬೆಂಕಿ ಇಡುತ್ತಿದ್ದರು. 1832ರ ಮತ್ತು 1837ರ ಒಪ್ಪಂದಗಳಿಂದ ಹೋ-ಚಂಕ್ ಜನರ ನೆಲ ಕೈತಪ್ಪಿತು. ಸರಕಾರ ಅವರನ್ನು ಮತ್ತೆ ಮತ್ತೆ ಪಶ್ಚಿಮಕ್ಕೆ ಅಟ್ಟಿತು. ಅವರಲ್ಲಿ ಅನೇಕರು ಮತ್ತೆ ಮತ್ತೆ ಮರಳಿ ಬಂದರು. ಜನ ಹೋದಾಗ ಬೆಂಕಿಯೂ ಹೋಯಿತು. ಒಂದು ಶತಮಾನದ ನಂತರ ವಿಶ್ವವಿದ್ಯಾಲಯವು ಮಡಿ ಮಾಡಿ, ಎಣಿಸಿ, ಅದೇ ಮಾತನ್ನು ಹೊಸದಾಗಿ ಕಂಡುಹಿಡಿಯಬೇಕಾಯಿತು.

ಕರ್ಟಿಸ್ ಮತ್ತು ಪಾರ್ಚ್ ಅವರ ಕೆಲಸದ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ. ಏಕೆ ಮತ್ತು ಹೇಗೆ ಎಂಬುದನ್ನು ಅವರು ತೋರಿಸಿಕೊಟ್ಟರು. ಆದರೆ ಬಲ್ಲವರನ್ನು ಕಳಿಸಿಬಿಟ್ಟದ್ದಕ್ಕೆ ಆ ನೆಲ ನೂರು ವರ್ಷಗಳ ಬೆಲೆ ತೆತ್ತಿತು. ಆ ಬೆಲೆಯನ್ನು ನಾವೂ ತೆರಬೇಕೇ? ಈ ಪ್ರಶ್ನೆಯೊಡನೆ ನಮ್ಮ ನಾಡಿಗೆ ಮರಳೋಣ.

ಬಿಳಿಗಿರಿರಂಗನ ಬೆಟ್ಟದ ತರಗು ಬೆಂಕಿ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ಸೋಲಿಗರ ನೆಲೆ. ಕಾಡಿನ ನಡುವಿನ ಪೋಡುಗಳಲ್ಲಿ ಬಾಳಿದ ಅವರು ಜೇನು, ನೆಲ್ಲಿಕಾಯಿ, ಪಾಚಿ, ಗೆಡ್ಡೆಗೆಣಸುಗಳನ್ನು ಬಲ್ಲವರು. ಬೇಸಗೆ ಬಲಿಯುವ ಮೊದಲೇ, ನೆಲದಲ್ಲಿ ಇನ್ನೂ ಸ್ವಲ್ಪ ತೇವವಿರುವಾಗ, ಕಾಡಿನ ನೆಲದ ಒಣ ಎಲೆಗೆ ಅವರು ಸಣ್ಣ ಬೆಂಕಿ ಇಡುತ್ತಿದ್ದರು. ಅದನ್ನು 'ತರಗು ಬೆಂಕಿ' ಎನ್ನುತ್ತಾರೆ. ತರಗು ಸುಟ್ಟು ಹುಲ್ಲು ಚಿಗುರುತ್ತಿತ್ತು. ಬೆಂಕಿ ಮೊಣಕಾಲೆತ್ತರದಲ್ಲಿ ಹರಿದು ಹೋಗುತ್ತಿತ್ತೇ ಹೊರತು ಮರದ ನೆತ್ತಿಗೆ ಏರುತ್ತಿರಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ, 1974ರಲ್ಲಿ ಈ ಬೆಟ್ಟ ಅಭಯಾರಣ್ಯವಾಯಿತು. ಬೇಟೆ ನಿಂತಿತು, ಕುಮರಿ ಬೇಸಾಯ ನಿಂತಿತು, ತರಗು ಬೆಂಕಿಯೂ ನಿಂತಿತು. ಕಾಡನ್ನು ಉಳಿಸಬೇಕೆಂಬ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಮುಂದಿನ ದಶಕಗಳಲ್ಲಿ ಲಂಟಾನ ಕಾಡನ್ನು ತುಂಬಿತು. ಲಂಟಾನ ಅಮೆರಿಕ ಖಂಡದ ಉಷ್ಣ ಸೀಮೆಯ ಗಿಡ. ಚೆಂದದ ಹೂವಿಗಾಗಿ 19ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಭಾರತಕ್ಕೆ ತಂದರು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಲ್ಲಿ ಮತ್ತು 2008ರಲ್ಲಿ ಒಂದೇ ತಾಣಗಳಲ್ಲಿ ಎಣಿಕೆ ನಡೆದಾಗ, ಈ ಹನ್ನೊಂದು ವರ್ಷಗಳಲ್ಲಿ ಲಂಟಾನ ಹರಡಿದ ತಾಣಗಳ ಪ್ರಮಾಣ ಸುಮಾರು ಎರಡರಷ್ಟಾಗಿತ್ತು. ಅದರ ಅಡಿಯಲ್ಲಿ ಹುಲ್ಲು ಬೆಳೆಯುವುದು ಕಷ್ಟ, ಮರದ ಸಸಿ ಏಳುವುದು ಕಷ್ಟ.

ಸೋಲಿಗರನ್ನು ಕೇಳಿದರೆ, ತರಗು ಬೆಂಕಿ ನಿಂತ ಮೇಲೆಯೇ ಲಂಟಾನ ಹೀಗೆ ಹೆಚ್ಚಿತು ಎನ್ನುತ್ತಾರೆ. ನೆಲ್ಲಿ ಮರಗಳ ಕೊಂಬೆಗಳ ಮೇಲೆ ಬೆಳೆದು ಮರದ ಸಾರ ಹೀರುವ ಬದನಿಕೆಯನ್ನು ಅವರು 'ಉಪ್ಪಿಲು' ಎಂದು ಕರೆಯುತ್ತಾರೆ. ಅದು ಹೆಚ್ಚಲೂ ಬೆಂಕಿ ಇಲ್ಲದಿರುವುದೇ ಕಾರಣ ಎಂಬುದು ಅವರ ಅಭಿಪ್ರಾಯ. ಈ ಮಾತುಗಳನ್ನು ಸಂಶೋಧಕರು ಬರೆದುಕೊಂಡು, ತಮ್ಮ ಎಣಿಕೆಗಳೊಡನೆ ಹೋಲಿಸಿ ನೋಡಿದ್ದಾರೆ.

ಹಾಗಾದರೆ ನಾಳೆಯೇ ಕಾಡಿಗೆ ಬೆಂಕಿ ಇಡಬಹುದೇ? ಇಲ್ಲ. ಇಲ್ಲಿ ಎಚ್ಚರ ಬೇಕು. ಬೆಂಕಿ ಲಂಟಾನವನ್ನು ಹೆಚ್ಚಿಸುತ್ತದೆ ಎಂಬ ವಾದವೂ ವಿಜ್ಞಾನಿಗಳಲ್ಲಿ ಇದೆ. ಸುಟ್ಟ ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ. ಒಣಗಿದ ಲಂಟಾನ ಪೊದೆ ಸೌದೆಯ ರಾಶಿಯಂತೆ ಉರಿದು ಬೆಂಕಿಯನ್ನು ಮರದ ನೆತ್ತಿಗೆ ಏರಿಸುತ್ತದೆ. ತರಗು ಬೆಂಕಿ ತರಗಿನ ಕಾಡಿಗೆ ತಕ್ಕದ್ದು. ಲಂಟಾನ ತುಂಬಿದ ಕಾಡು ಬೇರೆಯದೇ ಕಾಡು. ಹಳೆಯ ತಿಳಿವಳಿಕೆಯನ್ನು ಹೊಸ ಸ್ಥಿತಿಗೆ ಹೊಂದಿಸಬೇಕಾದರೆ ಮ್ಯಾಡಿಸನ್ನಿನಲ್ಲಿ ಮಾಡಿದಂತೆ ಸಣ್ಣ ಮಡಿಗಳಲ್ಲಿ ಪರೀಕ್ಷಿಸಬೇಕು, ಎಣಿಸಬೇಕು, ಕಾಯಬೇಕು. ಆದರೆ ಇಲ್ಲಿ ಒಂದು ದೊಡ್ಡ ಅನುಕೂಲವಿದೆ. ಬೆಂಕಿ ಇಟ್ಟು ಬಲ್ಲ ಹಿರಿಯರು ಇಲ್ಲಿ ಇನ್ನೂ ಇದ್ದಾರೆ. ವಯಸ್ಸು ಮಾತ್ರ ಕಾಯುವುದಿಲ್ಲ. 1974ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. 2006ರ ಅರಣ್ಯ ಹಕ್ಕು ಕಾಯಿದೆಯಂತೆ ಸೋಲಿಗರ ಸಮುದಾಯ ಹಕ್ಕುಗಳಿಗೆ 2011ರಲ್ಲಿ ಮಾನ್ಯತೆ ಸಿಕ್ಕಿದೆ; ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೂ ಅದೇ. ಹಕ್ಕಿನ ಜೊತೆಗೆ ಅವರ ವಿದ್ಯೆಯನ್ನೂ ಕೇಳಿಸಿಕೊಳ್ಳುವುದು ಉಳಿದಿದೆ.

ಕಿತ್ತು ತಲೆಕೆಳಗೆ ಇಡುವುದು

ಲಂಟಾನವನ್ನು ತೆಗೆಯುವುದೂ ಒಂದು ಕೌಶಲವೆಂಬುದು ನಮ್ಮ ದೇಶದಲ್ಲೇ ಕಂಡುಬಂದ ಸಂಗತಿ. ನೆಲಮಟ್ಟದಲ್ಲಿ ಕಡಿದರೆ ಅದು ಇಮ್ಮಡಿಯಾಗಿ ಚಿಗುರುತ್ತದೆ. ಇಡೀ ಬೇರನ್ನು ಅಗೆದರೆ ಮಣ್ಣು ಕದಡಿ, ಅಲ್ಲಿ ಮಲಗಿದ್ದ ಲಂಟಾನದ ಬೀಜಗಳೇ ಏಳುತ್ತವೆ. ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಅವರ ತಂಡ ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಬೇರೊಂದು ದಾರಿ ಹುಡುಕಿತು. ಚಿಗುರು ಹೊರಡುವುದು ಕಾಂಡ ಮತ್ತು ಬೇರು ಕೂಡುವ ಗಂಟಿನಿಂದ. ಆ ಗಂಟಿನ ಸ್ವಲ್ಪ ಕೆಳಗೆ, ಕೆಲವೇ ಸೆಂಟಿಮೀಟರ್ ಆಳದಲ್ಲಿ, ಮುಖ್ಯ ಬೇರನ್ನು ಕತ್ತರಿಸಿ, ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಟ್ಟರೆ ಅದು ಒಣಗಿಹೋಗುತ್ತದೆ. ಮಣ್ಣು ಹೆಚ್ಚು ಕದಡುವುದಿಲ್ಲ. ಆಮೇಲೆ ಅಲ್ಲಿ ಸ್ಥಳೀಯ ಹುಲ್ಲುಗಳನ್ನು ಬೆಳೆಸಬೇಕು. ಹಕ್ಕಿಗಳು ಕೂರುವ ಮರಗಳ ಅಡಿಯಲ್ಲಿ ಹೊಸದಾಗಿ ಏಳುವ ಲಂಟಾನ ಸಸಿಗಳನ್ನು ಕೆಲವು ವರ್ಷ ಕೀಳುತ್ತಿರಬೇಕು.

ಈ ಕೆಲಸದ ವರದಿ 2009ರಲ್ಲಿ ಪ್ರಕಟವಾದದ್ದು ಯಾವ ಪತ್ರಿಕೆಯಲ್ಲಿ ಗೊತ್ತೇ? ಮ್ಯಾಡಿಸನ್ನಿನ ಸಸ್ಯೋದ್ಯಾನದಲ್ಲಿ 1981ರಲ್ಲಿ ಹುಟ್ಟಿದ ಅದೇ ಪತ್ರಿಕೆಯಲ್ಲಿ. ಹೀಗೆ 60 ಎಕರೆ ಹಳೆಯ ಹೊಲಕ್ಕೂ ನಮ್ಮ ಕಾಡುಗಳಿಗೂ ಒಂದು ಎಳೆ ಕೂಡಿಕೊಂಡಿದೆ.

ಮುಗಿಯದ ಕೆಲಸ

ಕರ್ಟಿಸ್ ಪ್ರೇರಿ ಇಂದು ಹೇಗಿದೆ? ನೆಟ್ಟು ತೊಂಬತ್ತು ವರ್ಷ ಸಮೀಪಿಸಿದರೂ ಅದನ್ನು 'ಮುಗಿಯಿತು' ಎಂದು ಯಾರೂ ಹೇಳುವುದಿಲ್ಲ. ಪಕ್ಕದ ಹೆದ್ದಾರಿಯಿಂದ, ಬೆಳೆದ ನಗರದಿಂದ ಮಳೆನೀರು ನುಗ್ಗಿ ಬರುತ್ತದೆ. ಆ ನೀರಿನೊಡನೆ ಬರುವ ಹೂಳಿನಲ್ಲಿ ಹೊಸ ಕಳೆಹುಲ್ಲುಗಳು ನೆಲೆಯೂರುತ್ತವೆ. ಇಂದೂ ಅಲ್ಲಿ ಬೆಂಕಿ ಇಡುತ್ತಾರೆ, ಕಳೆ ಕೀಳುತ್ತಾರೆ, ಬೀಜ ಆರಿಸುತ್ತಾರೆ. ಹಾಳುಮಾಡಲು ಉಕ್ಕಿನ ನೇಗಿಲಿಗೆ ಒಂದು ದಿನ ಸಾಕಾಗಿತ್ತು. ಮರಳಿ ಕಟ್ಟಲು ಮೂರು ತಲೆಮಾರು ಸಾಲದಾಗಿದೆ. ಇದ್ದದ್ದನ್ನು ಉಳಿಸಿಕೊಳ್ಳುವುದೇ ಎಲ್ಲಕ್ಕಿಂತ ಅಗ್ಗದ ದಾರಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವಿಶ್ವಸಂಸ್ಥೆ 2021ರಿಂದ 2030ರವರೆಗಿನ ಹತ್ತು ವರ್ಷಗಳನ್ನು ಪರಿಸರ ವ್ಯವಸ್ಥೆಗಳ ಪುನಶ್ಚೇತನದ ದಶಕವೆಂದು ಸಾರಿದೆ. ಹಣ, ಯಂತ್ರ, ಯೋಜನೆಗಳು ಬರಬಹುದು. ಆದರೆ ಬೀಜವನ್ನು ಗುರುತಿಸಬಲ್ಲ ಕಣ್ಣು, ಬೇರನ್ನು ಎಲ್ಲಿ ಕಡಿಯಬೇಕೆಂದು ಬಲ್ಲ ಕೈ, ಯಾವ ತಿಂಗಳು ಬೆಂಕಿ ಇಡಬಹುದು ಯಾವ ತಿಂಗಳು ಇಡಬಾರದು ಎಂದು ಬಲ್ಲ ಅನುಭವ, ಇವು ಹಣದಿಂದ ಒಂದೇ ದಿನದಲ್ಲಿ ಬರುವಂಥವಲ್ಲ. ಪುಸ್ತಕದಲ್ಲಿ ಸ್ವಲ್ಪ ಇದೆ, ಹೊಲದಲ್ಲಿ ಸ್ವಲ್ಪ ಇದೆ, ನಿಮ್ಮ ಊರಿನ ಹಿರಿಯರ ನೆನಪಿನಲ್ಲಿ ಸ್ವಲ್ಪ ಇದೆ. ಈ ಮೂರನ್ನೂ ಕೂಡಿಸುವ ಕೆಲಸ ಈಗ ಓದುತ್ತಿರುವ ನಿಮ್ಮ ತಲೆಮಾರಿನದು.

ಚರ್ಚೆಗೆ ಮತ್ತು ಮಾಡಿ ನೋಡಲು

1. ನಿಮ್ಮ ಊರಿನ ಗೋಮಾಳ, ಕೆರೆ ಅಥವಾ ಗುಡ್ಡ ಐವತ್ತು ವರ್ಷಗಳ ಹಿಂದೆ ಹೇಗಿತ್ತೆಂದು ಇಬ್ಬರು ಹಿರಿಯರನ್ನು ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳಿ. ಇಬ್ಬರ ಮಾತು ಎಲ್ಲಿ ಕೂಡುತ್ತದೆ, ಎಲ್ಲಿ ಬೇರೆಯಾಗುತ್ತದೆ?

2. ಶಾಲೆಯ ಬಯಲಿನಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಎರಡು ಮಡಿಗಳನ್ನು ಗುರುತಿಸಿ. ಒಂದರಿಂದ ಒಣ ಹುಲ್ಲನ್ನು ಕೈಯಿಂದ ತೆಗೆಯಿರಿ, ಇನ್ನೊಂದನ್ನು ಹಾಗೆಯೇ ಬಿಡಿ. ಮಳೆ ಬಿದ್ದ ಮೇಲೆ ಎರಡರಲ್ಲೂ ಯಾವ ಗಿಡ ಎಷ್ಟಿದೆಯೆಂದು ಎಣಿಸಿ. ಬೆಂಕಿಯನ್ನು ಮಾತ್ರ ಬಳಸಬೇಡಿ.

3. "ಬಲ್ಲವರನ್ನು ಹೊರಗೆ ಕಳಿಸಿ ಕಾಡನ್ನು ಉಳಿಸಬಹುದೇ?" ಈ ವಿಷಯದ ಪರ ಮತ್ತು ವಿರೋಧವಾಗಿ ತರಗತಿಯಲ್ಲಿ ಚರ್ಚೆ ಏರ್ಪಡಿಸಿ.